ಕಪ್ಪು-ಬಿಳುಪಿಗೆ ಎಷ್ಟು ಬಣ್ಣ ಬೇಕು?

ಹೆಗ್ಗಡದೇವನಕೋಟೆ ತಾಲ್ಲೂಕಿನ ಹಂಪಾಪುರದಂಥ ಊರಿನ ಸ್ಟುಡಿಯೊಗೆ ಕಪ್ಪು-ಬಿಳುಪಿನ ಕೆಲಸ ಬರುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಮನೆಯ ಹಿರಿಯರು ತೀರಿಕೊಂಡಿರುತ್ತಾರೆ, ತಿಥಿಯೊಳಗೆ ಹಾರ ಹಾಕಲು ಫೋಟೊ ಬೇಕು. ಕೈಯಲ್ಲಿರುವುದು ಮದುವೆಯ ಹಳೆಯ ಗುಂಪುಚಿತ್ರ, ಇಲ್ಲವೆ ಮೂಲೆ ಹರಿದ ಪಾಸ್‌ಪೋರ್ಟ್ ಅಳತೆಯದು. ಸ್ಕ್ಯಾನ್ ಮಾಡಿ, ಕಲೆ ಅಳಿಸಿ, ಇಂಕ್‌ಜೆಟ್ಟಿನಲ್ಲಿ ತೆಗೆದ ಪ್ರಿಂಟ್ ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಬಾಗಿಲಾಚೆ ಬಿಸಿಲಿಗೆ ಹಿಡಿದಾಗ, “ಅಪ್ಪಾಜಿ ಮೊಕ ಹಸುರು ಹೊಡೀತಾ ಅದಲ್ಲಣ್ಣ” ಅನ್ನುತ್ತಾರೆ.

ಅವರ ಕಣ್ಣು ತಪ್ಪಿರುವುದಿಲ್ಲ. ಸ್ಟುಡಿಯೊಗಳಲ್ಲಿ ಓಡುವ ಎಪ್ಸನ್ ಎಲ್805, ಎಲ್1800ರಂಥ ಪ್ರಿಂಟರುಗಳಲ್ಲಿ ಆರು ಇಂಕುಗಳಿವೆ: ಸಯಾನ್, ಮಜೆಂಟಾ, ಹಳದಿ, ಕಪ್ಪು, ತಿಳಿ ಸಯಾನ್, ತಿಳಿ ಮಜೆಂಟಾ. ಬೂದು ಎಂಬ ಇಂಕೇ ಇಲ್ಲ. ಕೆನ್ನೆಯ ಮೇಲಿನ ಬೂದು ಈ ಬಣ್ಣದ ಹನಿಗಳೆಲ್ಲ ಸೇರಿ ಹುಟ್ಟಿದ್ದು. ಎಲೆಯ ಹಸಿರು ತುಸು ಆಚೀಚೆಯಾದರೆ ಯಾರಿಗೂ ತಿಳಿಯದು. ಬೂದು ಮಾತ್ರ ಕೂದಲೆಳೆಯಷ್ಟು ಸರಿದರೂ ಕಣ್ಣು ಹಿಡಿದುಬಿಡುತ್ತದೆ. ಜೊತೆಗೆ ಬೆಳಕಿನ ಪ್ರಶ್ನೆಯೂ ಇದೆ. ಬಿಸಿಲಿನಲ್ಲಿ ಎಲ್ಲ ವರ್ಣಗಳೂ ಹರಡಿಕೊಂಡಿರುತ್ತವೆ. ಎಲ್‌ಇಡಿಯಲ್ಲಿ ನೀಲಿಯ ಒಂದು ಮೊನೆ ಎದ್ದು ನಿಂತಿರುತ್ತದೆ. ಟ್ಯೂಬ್‌ಲೈಟಿನದು ಇನ್ನೊಂದು ಬಗೆ. ಒಂದು ಬೆಳಕಿನಲ್ಲಿ ಸಮನಾಗಿದ್ದ ಬೆರಕೆ ಇನ್ನೊಂದರಲ್ಲಿ ಹಸಿರಿಗೋ ಕೆಂಪಿಗೋ ವಾಲುತ್ತದೆ. 2000ದಲ್ಲಿ ಬಂದ ಎಪ್ಸನ್ 2000ಪಿ ಹಗಲಿನಲ್ಲಿ ಹಸಿರಾಗುವುದಕ್ಕೇ ಹೆಸರಾಗಿತ್ತು.

ಹಾಗಾದರೆ ಬಣ್ಣಗಳನ್ನು ಬಿಟ್ಟು ಬರೀ ಕಪ್ಪು ಇಂಕಿನಲ್ಲೇ ಹೊಡೆದರಾಗದೆ? ಈ ವಾದದಲ್ಲಿ ತಿರುಳಿದೆ. ಪಿಗ್ಮೆಂಟ್ ಕಪ್ಪಿನ ಮೂಲ ಇಂಗಾಲ. ಅದು ಎಲ್ಲ ವರ್ಣಗಳನ್ನೂ ಹೆಚ್ಚುಕಡಿಮೆ ಒಂದೇ ಸಮನೆ ಹೀರುವುದರಿಂದ ಬೆಳಕು ಬದಲಾದರೂ ಚಿತ್ರ ಅಷ್ಟಾಗಿ ಬಣ್ಣ ಬದಲಿಸುವುದಿಲ್ಲ. ವರ್ಷಗಳು ಕಳೆದಾಗ ಲಾಭ ಇನ್ನೂ ಹೆಚ್ಚು. ಬೆರಕೆಯಲ್ಲಿ ಮೂರು ಬಣ್ಣಗಳು ಮೂರು ವೇಗದಲ್ಲಿ ಮಾಸುತ್ತವೆ, ಅಗ್ಗದ ರೀಫಿಲ್ ಇಂಕಾದರಂತೂ ಬೇಗನೆ. ಹಾಗೆ ಮಾಸಿದ ಬೂದು ಬೂದಾಗಿ ಉಳಿಯುವುದಿಲ್ಲ. ಬಾಗಿಲಿನೆದುರಿನ ಗೋಡೆಯಲ್ಲಿ ಬಿಸಿಲುಂಡು ತೂಗುವ ಫೋಟೊಗೆ ಇದು ಸಣ್ಣ ವಿಷಯವಲ್ಲ.

ಎದುರು ಪಕ್ಷಕ್ಕೂ ಅಷ್ಟೇ ತೂಕವಿದೆ. ಒಂದೇ ಇಂಕಿನಿಂದ ತಿಳಿಬೂದು ಬರಬೇಕಾದರೆ ಹನಿಗಳು ದೂರದೂರ ಬೀಳಬೇಕು. ಆಗ ಹಣೆ, ಬಿಳಿಯ ಪಂಚೆ, ನರೆಗೂದಲಿನ ಮೇಲೆ ಮರಳು ಚೆಲ್ಲಿದಂತೆ ಚುಕ್ಕೆ ಕಾಣುತ್ತದೆ. ಬಣ್ಣದ ಬೆರಕೆಯಲ್ಲಿ ಆ ಜಾಗಗಳು ನುಣುಪಾಗಿರುತ್ತವೆ, ನೆರಳಿಗೆ ಆಳವೂ ಬರುತ್ತದೆ. ಕಪ್ಪು ಇಂಕೂ ಪೂರ್ತಿ ತಟಸ್ಥವಲ್ಲ. ಇಂಗಾಲ ತೆಳುವಾದಷ್ಟೂ ಕಂದಿಗೆ ತಿರುಗುತ್ತದೆ, ಅದನ್ನು ಎಳೆದು ತರಲು ಮತ್ತೆ ಚೂರು ನೀಲಿ ಬೇಕೇ ಬೇಕು. ಎಲ್805ರಂಥ ಪ್ರಿಂಟರುಗಳ ಕಪ್ಪಂತೂ ಪುಡಿರೂಪದ ಪಿಗ್ಮೆಂಟೇ ಅಲ್ಲ, ದ್ರವದಲ್ಲಿ ಕರಗಿದ ಡೈ. ಇಂಗಾಲದ ಗಟ್ಟಿತನವನ್ನು ಅದರಿಂದ ನಿರೀಕ್ಷಿಸುವಂತಿಲ್ಲ. ಕೆಲಸದ ತೊಡಕೂ ಒಂದುಂಟು. ಡ್ರೈವರಿನಲ್ಲಿ ‘ಗ್ರೇಸ್ಕೇಲ್’ ಒತ್ತಿದ ಮಾತ್ರಕ್ಕೆ ಬಣ್ಣದ ಇಂಕು ನಿಲ್ಲುತ್ತದೆಂದು ನಂಬುವಂತಿಲ್ಲ. ಗ್ಲಾಸಿ ಪೇಪರ್ ಆರಿಸಿದರೆ ಎಷ್ಟೋ ಪ್ರಿಂಟರುಗಳು ಒಳಗೊಳಗೇ ಬೆರೆಸುತ್ತಲೇ ಇರುತ್ತವೆ. ಯಾವ ಇಂಕು ಎಷ್ಟು ಬೀಳಬೇಕೆಂದು ನಾವೇ ಹೇಳಲು ರಾಯ್ ಹ್ಯಾರಿಂಗ್ಟನ್ ಬರೆದ ಕ್ವಾಡ್‌ಟೋನ್ ರಿಪ್‌ನಂಥ ತಂತ್ರಾಂಶ ಬೇಕು. ಅದೂ ಎಲ್ಲ ಮಾದರಿಗಳಿಗೆ ಒಗ್ಗುವುದಿಲ್ಲ.

ಈ ಎರಡರ ನಡುವೆ ಒಂದು ದಾರಿ ತೆರೆದದ್ದು ಬೂದು ಇಂಕುಗಳು. 2005ರಲ್ಲಿ ಎಪ್ಸನ್ ಆರ್2400 ಪ್ರಿಂಟರಿನೊಡನೆ ಬಂದ ‘ಕೆ3’ ಇಂಕುಗಳಲ್ಲಿ ಕಪ್ಪು, ತಿಳಿಕಪ್ಪು, ಇನ್ನೂ ತಿಳಿಕಪ್ಪು ಎಂದು ಮೂರು ಹಂತಗಳಿದ್ದವು. ಚಿತ್ರದ ಭಾರವನ್ನು ಅವೇ ಹೊತ್ತು, ಬಣ್ಣಕ್ಕೆ ಛಾಯೆ ತಿದ್ದುವಷ್ಟು ಕೆಲಸ ಮಾತ್ರ ಉಳಿಯಿತು. ಅಮೆರಿಕದ ಜಾನ್ ಕೋನ್ ಅವರ ಪಿಯೆಜೋಗ್ರಫಿ ಇನ್ನೂ ಮುಂದೆ ಹೋಗಿ ಪ್ರಿಂಟರಿನ ತುಂಬ ಬರೀ ಬೂದಿನ ಮಜಲುಗಳನ್ನೇ ತುಂಬಿಸಿತು. ಗುಣದಲ್ಲಿ ಇವಕ್ಕೆ ಸಾಟಿಯಿಲ್ಲವೆಂದೇ ನನ್ನ ಎಣಿಕೆ. ಆದರೆ ದಿನವಿಡೀ ಪಾಸ್‌ಪೋರ್ಟ್ ಫೋಟೊ, ನಾಮಕರಣದ ಕಲರ್ ಪ್ರಿಂಟಿನಿಂದ ಬಾಡಿಗೆ ಕಟ್ಟುವ ಅಂಗಡಿಯವನು ಕಪ್ಪು-ಬಿಳುಪಿಗೆಂದೇ ಇನ್ನೊಂದು ಯಂತ್ರ ಇಟ್ಟು, ಕೆಲಸವಿಲ್ಲದ ವಾರಗಳಲ್ಲಿ ಹೆಡ್ ಕಟ್ಟದಿರಲೆಂದು ಇಂಕು ಸುರಿಯುತ್ತ ಕೂರಲಾರ. ಮೈಸೂರಿನ ಲ್ಯಾಬಿಗೆ ಕಳಿಸಬಹುದಲ್ಲ ಎನ್ನುವವರಿದ್ದಾರೆ. ಕಳಿಸಬಹುದು. ಅಲ್ಲಿನ ಕಲರ್ ಪೇಪರಿನಲ್ಲೂ ಬೂದು ಹುಟ್ಟುವುದು ಅದೇ ಸಯಾನ್, ಮಜೆಂಟಾ, ಹಳದಿಯಿಂದಲೇ. ರಾಸಾಯನಿಕವನ್ನು ದಿನವೂ ಅಳೆದು ಸರಿಯಿಡುವ ಲ್ಯಾಬಾದರೆ ಫಲ ಚೆನ್ನ.

ತಟಸ್ಥ ಎಂಬುದನ್ನೇ ಗುರಿಯಾಗಿಡಬೇಕೆ ಎಂಬ ಪ್ರಶ್ನೆ ನನಗೆ ಇವೆಲ್ಲಕ್ಕಿಂತ ದೊಡ್ಡದು. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಅವರಂಥವರ ಕಾಲದ ಚಿತ್ರಗಳು ಬೆಳ್ಳಿಯ ಲವಣ ಲೇಪಿಸಿದ ಬ್ರೋಮೈಡ್ ಪೇಪರಿನವು. 1960ರಲ್ಲಿ ಸ್ಥಾಪನೆಯಾಗಿ ಈಗ ಮುಚ್ಚಿಹೋಗಿರುವ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ತನ್ನ ‘ಇಂದು’ ಹೆಸರಿನಲ್ಲಿ ಅಂಥ ಪೇಪರನ್ನು ತಯಾರಿಸಿತು. ಆ ಕಾಲದ ಪೇಪರುಗಳಲ್ಲಿ ಕೆಲವು ತಣ್ಣಗೆ, ಕೆಲವು ಬೆಚ್ಚಗೆ. ಸಂಪೂರ್ಣ ತಟಸ್ಥವಾದದ್ದು ಅಪರೂಪ. ಇಂದಿನ ಗ್ಲಾಸಿ ಪೇಪರಿಗೆ ಬಿಳುಪು ಹೆಚ್ಚಿಸಲು ಹಾಕುವ ರಾಸಾಯನಿಕ ಬಿಸಿಲಿನಲ್ಲಿ ನೀಲಿ ಸೂಸುತ್ತದೆ, ಅದರ ಮೇಲೆ ಅಳತೆಗೆ ಸರಿಯಾದ ಬೂದು ಕೂಡ ಮುಖವನ್ನು ನಿರ್ಜೀವ ಮಾಡಬಲ್ಲದು. ತುಸು ಬೆಚ್ಚಗಿನ ಛಾಯೆಗೆ ಇನ್ನೊಂದು ಅನುಕೂಲವಿದೆ: ಚೂರು ಕಂದು ಇದ್ದರೆ ಕಣ್ಣು ಒಪ್ಪುತ್ತದೆ, ಅಷ್ಟೇ ಹಸಿರಿದ್ದರೆ ಒಪ್ಪದು. ಆದರೂ ತಟಸ್ಥವನ್ನೇ ಕೇಳುವವರದು ಹಟವಲ್ಲ. ಒಂದೇ ಗೋಡೆಯಲ್ಲಿ ಅಜ್ಜ, ಅಜ್ಜಿ, ಅಪ್ಪನ ಚಿತ್ರಗಳು ಸಾಲಾಗಿ ಬರುವಾಗ ಒಂದೊಂದೂ ಒಂದೊಂದು ಛಾಯೆಯಲ್ಲಿದ್ದರೆ ಅಂದ ಕೆಡುತ್ತದೆ; ಮುಂದೆ ಸೇರುವ ಚಿತ್ರಕ್ಕೆ ಹೊಂದಿಸಲು ತಟಸ್ಥದಷ್ಟು ಸುಲಭದ ಅಳತೆ ಬೇರೆ ಇಲ್ಲ.

ಆರು ಇಂಕಿನ ಯಂತ್ರ ಒಂದೇ ಇರುವ ಅಂಗಡಿಗೆ ನನ್ನ ಒಲವು ಬೆರಕೆಯ ಕಡೆಗೇ, ಆದರೆ ಕಂಪನಿಯ ಇಂಕಿನಲ್ಲಿ ಮತ್ತು ಒಂದೇ ಪೇಪರಿಗೆ ಅಂಟಿಕೊಂಡು. ಕಪ್ಪಿನಿಂದ ಬಿಳಿಯವರೆಗಿನ ಮೆಟ್ಟಿಲುಗಳ ಪಟ್ಟಿಯೊಂದನ್ನು ಪ್ರಿಂಟ್ ತೆಗೆದು, ಇಂಕು ಒಣಗಲು ಒಂದು ದಿನ ಬಿಟ್ಟು, ಬಿಸಿಲು, ಟ್ಯೂಬ್‌ಲೈಟ್, ಎಲ್‌ಇಡಿ ಮೂರರಲ್ಲೂ ನೋಡಿ ತಿದ್ದಬೇಕು. ಮೂರರಲ್ಲೂ ಸರಿ ಬರುವುದು ಕಷ್ಟ. ಫೋಟೊ ಎಲ್ಲಿ ತೂಗುತ್ತದೆಂದು ಗಿರಾಕಿಯನ್ನೇ ಕೇಳಿ ಆ ಬೆಳಕಿಗೆ ಹೊಂದಿಸುವುದು ಮೇಲು. ಯಾವ ದಾರಿ ಹಿಡಿದರೂ ಇಂಕು ಒಂದು ದಿನ ಮಾಸುವುದರಿಂದ, ಸ್ಕ್ಯಾನ್ ಮಾಡಿ ತಿದ್ದಿದ ಫೈಲನ್ನು ಪೆನ್‌ಡ್ರೈವಿಗೋ ಮೊಬೈಲಿಗೋ ಹಾಕಿ ಪ್ರಿಂಟಿನ ಜೊತೆಗೇ ಮನೆಯವರ ಕೈಗೆ ಕೊಡಬೇಕು, ಅದಕ್ಕೆ ಬೇರೆ ದುಡ್ಡು ಕೇಳಬಾರದು.