ಮಾನವಿಕ ಕೇಂದ್ರಗಳ ವಾರ್ಷಿಕ ಪಂಚಾಂಗ

ಶೈಕ್ಷಣಿಕ ವರ್ಷದ ಹೊಸ್ತಿಲಲ್ಲಿ ನಮ್ಮ ವಿಶ್ವವಿದ್ಯಾಲಯಗಳ ಮಾನವಿಕ ಕೇಂದ್ರಗಳು ಹೊರಡಿಸುವ ಕಾರ್ಯಯೋಜನೆಗಳು ಸಮಾರಂಭಗಳ ಪಂಚಾಂಗದಂತಿರುತ್ತವೆ: ಎರಡು ದಿನಗಳ ವಿಚಾರ ಸಂಕಿರಣ, ವಿಶೇಷ ಉಪನ್ಯಾಸ, ಸ್ಮರಣ ಸಂಚಿಕೆ. ತಾಳೆಗರಿ ಓದಬಲ್ಲ ಒಬ್ಬ ವಿದ್ಯಾರ್ಥಿಯನ್ನು ಸಿದ್ಧಗೊಳಿಸುವ ಮಾತು ಮಾತ್ರ ಅಪರೂಪ.

ಪುಣೆಯ ಭಾಂಡಾರಕರ ಸಂಸ್ಥೆ 1919ರಲ್ಲಿ ಕೈಗೆತ್ತಿಕೊಂಡ ಮಹಾಭಾರತದ ಪರಿಷ್ಕರಣ ಮುಗಿದದ್ದು 1966ರಲ್ಲಿ. 1925ರಿಂದ ಅದರ ಪ್ರಧಾನ ಸಂಪಾದಕರಾಗಿದ್ದ ವಿ. ಎಸ್. ಸುಖಠಣಕರರು ಕೆಲಸ ನಡೆದಿರುವಾಗಲೇ, 1943ರಲ್ಲಿ, ತೀರಿಕೊಂಡರು. ವಾರ್ಷಿಕ ವರದಿಯ ಅಳತೆಗೋಲಿಗೆ ಆ ತಪಸ್ಸು ಸಿಕ್ಕೀತೆ?

ಕನ್ನಡದ ಅಗತ್ಯವೂ ಇಂಥ ದೀರ್ಘ ದುಡಿಮೆಯೇ. 2008ರಲ್ಲಿ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆತಾಗ ಹೊರನಾಡಿನ ನಾವೂ ಸಂಭ್ರಮಿಸಿದೆವು. ಆದರೆ ಹಳಗನ್ನಡ ಉಳಿಯಬೇಕಾದದ್ದು ಓದುಗರಿಂದ. ಈ ವರ್ಷ ಪ್ರತಿ ಕೇಂದ್ರವೂ ಒಂದು ಸಂಕಿರಣವನ್ನು ಕೈಬಿಡಲಿ; ಆ ಹಣದಲ್ಲಿ ಒಬ್ಬ ವಿದ್ಯಾರ್ಥಿಗೆ ವೇತನ ಕೊಟ್ಟು, ವಾರಕ್ಕೊಮ್ಮೆ ಹಳಗನ್ನಡದ ಪಾಠ ನಡೆಸಲಿ.