ಶಬ್ದ ಸಂಚಾರ: ‘ಫೀಬಲ್’

ಮೈಯ ಅಶಕ್ತತೆಯನ್ನು ಸೂಚಿಸುವ ಮಾತುಗಳು ಇಂಗ್ಲಿಷಿನಲ್ಲಿ ಹಲವು. ಅವುಗಳಲ್ಲಿ ‘ಫೀಬಲ್’ ಎಂಬುದು ಕಣ್ಣೀರಿನಲ್ಲಿ ಹುಟ್ಟಿದ ಮಾತು. ಲ್ಯಾಟಿನ್ನಿನ ‘ಫ್ಲೇರೆ’ ಎಂದರೆ ಅಳುವುದು. ಅದರಿಂದ ಬಂದ ‘ಫ್ಲೇಬಿಲಿಸ್’ ಎಂದರೆ ಕಂಡವರು ಕಣ್ಣೀರಿಡತಕ್ಕದ್ದು. ಅದೇ ಹಳೆಯ ಫ್ರೆಂಚಿನ ಮೂಲಕ ರೂಪ ಬದಲಿಸಿ ಇಂಗ್ಲಿಷಿಗೆ ಬಂದಿತು.

‘ಫಾಯ್ಬಲ್’ ಇದರ ಒಡಹುಟ್ಟು. ಕತ್ತಿವರಸೆಯಲ್ಲಿ ಅಲಗಿನ ನಡುವಿನಿಂದ ತುದಿಯವರೆಗಿನ ದುರ್ಬಲ ಭಾಗಕ್ಕೆ ಆ ಹೆಸರು. ಮನುಷ್ಯಸ್ವಭಾವದ ಸಣ್ಣ ಕುಂದಿಗೂ ಅದೇ.

‘ವೀಕ್’ ಸಾಮಾನ್ಯ ಪದ. ಜ್ವರ ಬಿಟ್ಟೆದ್ದ ತರುಣನಿಗೂ ಒಪ್ಪುತ್ತದೆ, ನೀರು ಹೆಚ್ಚಾದ ಚಹಕ್ಕೂ ಸಲ್ಲುತ್ತದೆ. ‘ಫ್ರೇಲ್’ ಎಂಬುದರ ಮೂಲದಲ್ಲಿರುವುದು ‘ಮುರಿ’ ಎಂಬ ಅರ್ಥದ ಲ್ಯಾಟಿನ್ ಧಾತು. ಸುಲಭವಾಗಿ ನಲುಗುವ ಶರೀರಕ್ಕೆ ಅದು ತಕ್ಕ ಮಾತು. ‘ಫೀಬಲ್’ನಲ್ಲಾದರೋ ಕನಿಕರದೊಡನೆ ಕೊಂಚ ತಾತ್ಸಾರವೂ ಬೆರೆತಿದೆ. ಕ್ಷೀಣಸ್ವರ, ಮಂದ ಬೆಳಕು, ಹುರುಳಿಲ್ಲದ ನೆಪ, ಈ ಮೂರಕ್ಕೂ ಅದೇ ವಿಶೇಷಣ.

ಈ ತಾತ್ಸಾರ ಒಮ್ಮೆ ಶಾಸನವನ್ನೂ ಹೊಕ್ಕಿತು. ಬ್ರಿಟನ್ನಿನ 1913ರ ಕಾಯಿದೆಯೊಂದು ‘ಫೀಬಲ್ ಮೈಂಡೆಡ್’ ಎಂಬ ವರ್ಗವನ್ನೇ ಮಾಡಿತು. ಆ ಹಣೆಪಟ್ಟಿ ಹೊತ್ತವರಲ್ಲಿ ಎಷ್ಟೋ ಮಂದಿ ವರ್ಷಗಟ್ಟಲೆ ಸಂಸ್ಥೆಗಳ ಗೋಡೆಗಳೊಳಗೇ ಬಾಳು ಸವೆಸಿದರು. 1959ರ ಮಾನಸಿಕ ಆರೋಗ್ಯ ಕಾಯಿದೆ ಅದನ್ನು ರದ್ದುಗೊಳಿಸಿತು.

ಆದುದರಿಂದ ಮನೆಯ ವೃದ್ಧರ ಕುರಿತು ಇಂಗ್ಲಿಷಿನಲ್ಲಿ ಕಾಗದ ಬರೆಯುವವರು ‘ಫ್ರೇಲ್’ ಎಂದರೆ ಲೇಸು. ವೈದ್ಯರೂ ಇಂದು ಬಳಸುವ ಮಾತು ಅದು. ಅಲ್ಲಿ ಸೋತದ್ದು ದೇಹ ಮಾತ್ರ. ‘ಫೀಬಲ್’ ಎಂದೊಡನೆ ಮನುಷ್ಯನನ್ನೇ ತೂಗಿ, ಹಗುರವೆಂದು ಹೇಳಿದಂತಾಗುತ್ತದೆ.