ಇಬ್ಬರೂ ನಾನೇ

ಮದುವೆಯಾದ ಹೆಣ್ಣು ಹೆಸರು ಬದಲಾಯಿಸಿಕೊಳ್ಳಲೇಬೇಕೆಂದು ಯಾವ ಕಾನೂನು ಹೇಳುತ್ತದೆ? ನಮ್ಮ ಸ್ಟಾಫ್ ರೂಮಿನಲ್ಲಿ ಈ ಪ್ರಶ್ನೆ ಎತ್ತಿದಾಗ ಪದವಿ ಪಡೆದವರೆಲ್ಲ ಮುಖ ಮುಖ ನೋಡಿಕೊಂಡರು. 'ಇದ್ದೇ ಇರುತ್ತೆ ಬಿಡಿ ಮೇಡಂ' ಎಂದರು ಗಣಿತದ ಮೇಷ್ಟ್ರು. ಇಲ್ಲ ಸ್ವಾಮಿ, ಇಲ್ಲವೇ ಇಲ್ಲ. 1954ರ ವಿಶೇಷ ವಿವಾಹ ಕಾಯ್ದೆಯೂ ಹಾಗೆ ಹೇಳಿಲ್ಲ, 1955ರ ಹಿಂದೂ ವಿವಾಹ ಕಾಯ್ದೆಯೂ ಹೇಳಿಲ್ಲ. ಇಲ್ಲದ ಕಾನೂನಿಗೆ ಇಷ್ಟೊಂದು ಹೆಣ್ಣುಮಕ್ಕಳು ತಲೆಬಾಗುತ್ತಿದ್ದಾರಲ್ಲ, ಅದೇ ನನ್ನ ತಕರಾರು.

'ಇದು ನಮ್ಮ ಸಂಪ್ರದಾಯ' ಎನ್ನುವವರಿದ್ದಾರೆ. ಯಾರ ಸಂಪ್ರದಾಯ? ಹಳೇ ಮೈಸೂರಿನ ಕಡೆ ಎಷ್ಟೋ ಮನೆಗಳಲ್ಲಿ ಅಡ್ಡಹೆಸರೇ ಇರಲಿಲ್ಲ. ಊರಿನದೊಂದು, ಅಪ್ಪನದೊಂದು ಇನಿಷಿಯಲ್ಲು, ಆಮೇಲೆ ಇಟ್ಟ ಹೆಸರು, ಅಷ್ಟೇ. ಉತ್ತರ ಕರ್ನಾಟಕದ ಕೆಲವು ಮನೆಗಳಲ್ಲಿ ತಟ್ಟೆಯಲ್ಲಿ ಅಕ್ಕಿ ಹರಡಿ ಸೊಸೆಗೆ ಹೊಸ ಹೆಸರು ಬರೆಯುವುದುಂಟು. ಅತ್ತೆ ಮನೆಯವರು ಪ್ರೀತಿಯಿಂದ ಏನಾದರೂ ಕರೆದುಕೊಳ್ಳಲಿ, ಅದಕ್ಕೆ ನನ್ನ ಅಡ್ಡಿಯಿಲ್ಲ. ಅಕ್ಕಿಯ ಮೇಲಿನ ಹೆಸರು ಅಕ್ಕಿಯ ಮೇಲೇ ಇರಲಿ. ಅದು ಕಚೇರಿಯ ಕಾಗದಕ್ಕೆ ಇಳಿದಾಗಲೇ ಕಷ್ಟ ಶುರು.

ಕಾಯಂ ಬದಲಾವಣೆಗೆ ಛಾಪಾ ಕಾಗದದ ಮೇಲೆ ಅಫಿಡವಿಟ್ಟು, ನೋಟರಿಯ ಮೊಹರು, ಪತ್ರಿಕೆಯಲ್ಲಿ ಜಾಹೀರಾತು, ಕೊನೆಗೆ ರಾಜ್ಯಪತ್ರದಲ್ಲಿ ಪ್ರಕಟಣೆ. ಅಷ್ಟೆಲ್ಲ ಓಡಾಡುವವರು ಕಡಿಮೆ. ಮದುವೆಯ ನೋಂದಣಿ ಪತ್ರ ಹಿಡಿದು ಆಧಾರ್ ಒಂದನ್ನು ಬದಲಾಯಿಸಿ ಸುಮ್ಮನಾಗುತ್ತಾರೆ. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಅಪ್ಪನ ಇನಿಷಿಯಲ್ಲು, ಪ್ಯಾನ್ ಕಾರ್ಡಿನಲ್ಲಿ ಇನ್ನೊಂದು, ಬ್ಯಾಂಕಿನ ಪುಸ್ತಕದಲ್ಲಿ ಮತ್ತೊಂದು. ಆಮೇಲೆ ಯಾವುದೋ ಕೌಂಟರಿನಲ್ಲಿ 'ಇವರಿಬ್ಬರೂ ಒಬ್ಬರೇ ಅನ್ನೋದಕ್ಕೆ ಏನು ಸಾಕ್ಷಿ?' ಎಂಬ ಪ್ರಶ್ನೆ ಬರುತ್ತದೆ. ನನ್ನ ಹಳೆಯ ವಿದ್ಯಾರ್ಥಿನಿಯರು ಶಾಲೆಗೆ ಬಂದು ದಾಖಲಾತಿ ಪುಸ್ತಕ ತೆಗೆಸುವುದು ಇದಕ್ಕೇ. ತಾನು ತಾನೇ ಎಂದು ಹೆಣ್ಣು ನೋಟರಿಯ ಎದುರು ಪ್ರಮಾಣ ಮಾಡಬೇಕು. ಮದುವೆಯಾದ ತಪ್ಪಿಗೆ ಯಾವ ಗಂಡಸು ಇಂಥ ಪ್ರಮಾಣ ಮಾಡಿದ್ದಾನೆ, ನೀವೇ ಹೇಳಿ.

ಇದು ಬರಿಯ ಮಾನದ ಪ್ರಶ್ನೆಯಲ್ಲ, ಮಣ್ಣಿನ ಪ್ರಶ್ನೆ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಡುವ ತಿದ್ದುಪಡಿ ನಮ್ಮ ರಾಜ್ಯದಲ್ಲಿ 1994ರಲ್ಲಿ ಜಾರಿಗೆ ಬಂತು. ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಅದು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಭೇದ ಅಳಿಸಿತು. ಕಾನೂನು ಒಳಗೆ ಕರೆದರೂ ಕಾಗದ ಬಾಗಿಲಲ್ಲೇ ತಡೆಯುತ್ತದೆ. ವಂಶವೃಕ್ಷದಲ್ಲಿ ಅವಳು ಅಪ್ಪನ ಮಗಳು. ಕೈಯಲ್ಲಿರುವ ಕಾಗದದಲ್ಲಿ ಯಾರದೋ 'ಕೋಂ'. ಪಾಲು ಕೊಡಲು ಮನಸ್ಸಿಲ್ಲದ ಅಣ್ಣತಮ್ಮಂದಿರಿಗೆ ತಕರಾರು ತೆಗೆಯಲು ಇಷ್ಟು ಸಂದು ಸಾಲದೆ?

'ಒಂದೇ ಹೆಸರಿದ್ದರೆ ಸಂಸಾರ ಒಂದಾಗಿರುತ್ತದೆ' ಎನ್ನುತ್ತಾರೆ. ಹಾಗಿದ್ದರೆ ಒಂದೇ ಅಡ್ಡಹೆಸರಿನ ದಾಯಾದಿಗಳು ಕೋರ್ಟಿಗೆ ಅಲೆಯುವುದೇಕೆ? ಇಷ್ಟಪಟ್ಟು ಬದಲಾಯಿಸಿಕೊಳ್ಳುವವರನ್ನು ನಾನು ಹೀಗಳೆಯುವುದಿಲ್ಲ. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ, ಗಂಡನಿಂದ ಬೇರೆಯಾದ ಮೇಲೂ ಚಟ್ಟೋಪಾಧ್ಯಾಯರಾಗಿಯೇ ಉಳಿದರು. ದುಡಿದು ಬೆಳಗಿಸಿದ ಹೆಸರು ಅವರದೇ ಆಯಿತು. ಇಟ್ಟುಕೊಳ್ಳುವುದೂ ಬಿಡುವುದೂ ಅವಳ ಕೈಯಲ್ಲಿರಬೇಕು, ನಾನು ಕೇಳುವುದು ಇಷ್ಟೇ.

ಅವಳ ಕೈಯಲ್ಲಿದೆಯೇ? ಪಾಸ್‌ಪೋರ್ಟಿಗಾಗಿ ಮದುವೆಯ ನಂತರ ಹೆಸರು ಬದಲಾಯಿಸಬೇಕಿಲ್ಲವೆಂದು 2017ರಲ್ಲಿ ಪ್ರಧಾನಿಯೇ ಸಾರಬೇಕಾಯಿತು. ತವರಿನ ಹೆಸರಿಗೆ ಮರಳುವ ಹೆಣ್ಣು ವಿಚ್ಛೇದನದ ತೀರ್ಪನ್ನೋ ಗಂಡನ ಒಪ್ಪಿಗೆ ಪತ್ರವನ್ನೋ ತರಬೇಕೆಂಬ ಕೇಂದ್ರದ ಪ್ರಕಟಣೆಯನ್ನು 2024ರಲ್ಲಿ ಒಬ್ಬ ಮಹಿಳೆ ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಅಪ್ಪ ಅಮ್ಮ ಇಟ್ಟ ಹೆಸರಿಗೆ ಗಂಡನ ಅಪ್ಪಣೆ! ಹೋಗುವಾಗ ಯಾರೂ ಕೇಳದ ಟಿಕೇಟನ್ನು ಬರುವಾಗ ಕೇಳಿದ ಹಾಗಾಯಿತು.

ಪ್ರತಿ ವರ್ಷ ಪರೀಕ್ಷೆಯ ಅರ್ಜಿ ತುಂಬಿಸುವಾಗ ನನ್ನ ತರಗತಿಯ ಹುಡುಗಿಯರಿಗೆ ಹೇಳುತ್ತೇನೆ: ಅಕ್ಷರ ತಪ್ಪದಂತೆ ಬರೆಯಿರಿ, ಜೀವಮಾನವಿಡೀ ನಿಮ್ಮ ಜೊತೆ ಬರುವ ಹೆಸರು ಇದು. ಹತ್ತು ವರ್ಷದ ಮೇಲೆ ಮದುವೆ ಮಂಟಪದ ಪಕ್ಕ ಅರ್ಜಿ ಹಿಡಿದು ನಿಂತು 'ಇಲ್ಲಿ ಗಂಡನ ಹೆಸರು ಸೇರಿಸಮ್ಮಾ' ಎನ್ನುವವರು, ಯಾವ ಕಾಯ್ದೆಯ ಯಾವ ಕಲಮಿನ ಪ್ರಕಾರ ಎಂಬುದನ್ನೂ ಅವಳಿಗೆ ಹೇಳಲಿ.